ಬಟ್ಟೆಯೊಳಗಿನ ಟ್ರಾನ್ಸ್‌ಮಿಟರ್: ಅಲೆಗಿಂತ ಮೊದಲು ಸೆಲ್ಲನ್ನು ನೋಡಿ

ಒಂದು ಶಾಲೆಯ ವಾರ್ಷಿಕೋತ್ಸವ. ನಾಟಕಕ್ಕೆ ಸೌಂಡ್ ನೋಡಿಕೊಳ್ಳುವ ಕೆಲಸ ನನ್ನದು. ಒಂಬತ್ತು ವರ್ಷದ ಹುಡುಗಿಗೆ ರಾಣಿಯ ವೇಷ ಕಟ್ಟಿದ್ದರು. ಲಂಗದ ಹಿಂದೆ, ಸೊಂಟದ ಪಟ್ಟಿಯೊಳಗೆ ವೈರ್‌ಲೆಸ್ ಮೈಕಿನ ಪ್ಯಾಕ್ ಸಿಕ್ಕಿಸಬೇಕಿತ್ತು. ಆಕೆಯ ತಾಯಿ ಪ್ಯಾಕನ್ನು ಕೈಯಲ್ಲಿ ಹಿಡಿದು ಕೇಳಿದರು: "ಇದರ ರೇಡಿಯೇಷನ್‌ನಿಂದ ಮಗುಗೆ ಏನೂ ಆಗಲ್ಲ ಅಲ್ವಾ?" ಏನೂ ಆಗಲ್ಲ ಎಂದು ಹೇಳಿದೆ. ಆ ಉತ್ತರ ತಪ್ಪಾಗಿರಲಿಲ್ಲ, ಆದರೆ ಪೂರ್ತಿಯೂ ಆಗಿರಲಿಲ್ಲ. ಎರಡನೇ ದೃಶ್ಯ ಮುಗಿದ ಮೇಲೆ ಹುಡುಗಿ ಓಡಿ ಬಂದು ಬೆನ್ನು ಸುಡುತ್ತಿದೆ ಎಂದಳು. ಪ್ಯಾಕ್ ಬಿಚ್ಚಿದರೆ ಸೆಲ್ಲಿನ ಮುಚ್ಚಳ ಮುಟ್ಟಲಾರದಷ್ಟು ಬಿಸಿಯಾಗಿತ್ತು. ಒಂದು ರೀಚಾರ್ಜ್ ಸೆಲ್ಲಿನ ಪ್ಲಾಸ್ಟಿಕ್ ಹೊದಿಕೆ ಪ್ಲಸ್ ತುದಿಯ ಹತ್ತಿರ ಹರಿದಿತ್ತು. ಪ್ಯಾಕಿನೊಳಗಿನ ತಗಡು ಅಲ್ಲೇ ಸೆಲ್ಲಿನ ಮೈಗೆ ತಾಗಿ ಶಾರ್ಟ್ ಆಗಿತ್ತು. ಅದನ್ನು ನೋಡದೆ ಹಾಕಿದವನು ನಾನೇ.

ಹುಡುಗಿಯ ಚರ್ಮ ಕೆಂಪಾಗಿ ಉಳಿಯಿತು, ಅಷ್ಟಕ್ಕೇ ಮುಗಿಯಿತು. ಆದರೆ ಆ ತಾಯಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೈಮೇಲೆ ಟ್ರಾನ್ಸ್‌ಮಿಟರ್ ಎಂದ ಕೂಡಲೇ ನಮಗೆಲ್ಲ ಕಣ್ಣಿಗೆ ಕಾಣದ ಅಲೆಯ ಭಯ. ಸೆಲ್, ಬಿಸಿ, ಅಂಟು, ಮ್ಯಾಗ್ನೆಟ್ ಬಗ್ಗೆ ಯಾರೂ ಕೇಳುವುದಿಲ್ಲ. ಜನರಿಗೆ ನಿಜವಾಗಿ ಗಾಯ ಮಾಡುವುದು ಜಾಸ್ತಿ ಇವೇ.

ಈಗ ಬಟ್ಟೆಯೊಳಗೆ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವವರು ನಟರಷ್ಟೇ ಅಲ್ಲ. ಸಕ್ಕರೆ ಕಾಯಿಲೆ ಇರುವವರು ತೋಳಿನ ಹಿಂಭಾಗಕ್ಕೆ ನಾಣ್ಯದಷ್ಟು ದೊಡ್ಡ ಸೆನ್ಸರ್ ಅಂಟಿಸಿಕೊಳ್ಳುತ್ತಾರೆ. ಸಿಜಿಎಂ ಎಂದು ಕರೆಯುವ ಈ ಸೆನ್ಸರ್ ಹಗಲು ರಾತ್ರಿ ಬ್ಲೂಟೂತ್‌ನಲ್ಲಿ ಫೋನಿಗೆ ಸಕ್ಕರೆಯ ಮಟ್ಟ ಕಳಿಸುತ್ತಿರುತ್ತದೆ. ಯೂಟ್ಯೂಬ್ ಮಾಡುವವರ ಅಂಗಿಯ ಮೇಲೆ ಗುಂಡಿಯಂಥ ಮೈಕ್ ಇರುತ್ತದೆ. ಅಪಾರ್ಟ್‌ಮೆಂಟಿನ ಕಾವಲುಗಾರರ ಸೊಂಟದಲ್ಲಿ ವಾಕಿಟಾಕಿ ಇರುತ್ತದೆ. ಉಳಿದವರೆಲ್ಲರ ಜೇಬಲ್ಲಿ ಫೋನ್ ಇದ್ದೇ ಇದೆ. ಮೈಗೆ ಅಂಟಿಕೊಂಡು ರೇಡಿಯೋ ಅಲೆ ಬಿಡುವ ವಿಷಯದಲ್ಲಿ ಇವೆಲ್ಲ ಒಂದೇ ಜಾತಿ. ಆದರೆ ಇವುಗಳ ಶಕ್ತಿಯಲ್ಲಿ ಅಜಗಜಾಂತರ ಇದೆ, ಮೊದಲು ಅದನ್ನು ನೋಡೋಣ.

ಸಾಮಾನ್ಯ ಬ್ಲೂಟೂತ್ ಸಾಧನದ ಶಕ್ತಿ 1ರಿಂದ 2.5 ಮಿಲಿವಾಟ್. ಸಿಜಿಎಂ ಅದರಲ್ಲೂ ಬಹುಪಾಲು ಹೊತ್ತು ಸುಮ್ಮನಿರುತ್ತದೆ. ಕೆಲವು ಸೆನ್ಸರ್‌ಗಳು ಒಂದು ನಿಮಿಷಕ್ಕೊಮ್ಮೆ, ಇನ್ನು ಕೆಲವು ಐದು ನಿಮಿಷಕ್ಕೊಮ್ಮೆ ಚೂರು ಮಾತಾಡಿ ಮಲಗುತ್ತವೆ. ರಂಗಭೂಮಿಯ ಮೈಕ್ ಪ್ಯಾಕ್ 10ರಿಂದ 50 ಮಿಲಿವಾಟ್ ಬಿಡುತ್ತದೆ, ಅದೂ ನಾಟಕ ಮುಗಿಯುವ ತನಕ ಎಡೆಬಿಡದೆ. 4ಜಿ ಫೋನ್ ಹೆಚ್ಚೆಂದರೆ 200 ಮಿಲಿವಾಟ್ ತನಕ ಹೋಗುತ್ತದೆ. ಹಳೆಯ 2ಜಿ ಫೋನಿನ ಗರಿಷ್ಠ ಶಕ್ತಿ 2 ವಾಟ್. ಅದು ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ ಅಲೆ ಬಿಡುವುದರಿಂದ ಸರಾಸರಿ ಕಾಲು ವಾಟ್ ಆಗುತ್ತದೆ. ಪೊಲೀಸರು, ದೊಡ್ಡ ಸೆಕ್ಯುರಿಟಿ ತಂಡದವರು ಹಿಡಿಯುವ ವಾಕಿಟಾಕಿ 4ರಿಂದ 5 ವಾಟ್, ಅಂದರೆ 1 ಮಿಲಿವಾಟಿನ ಸೆನ್ಸರಿನ 4,000ದಿಂದ 5,000 ಪಟ್ಟು. ಎಲ್ಲವನ್ನೂ "ರೇಡಿಯೇಷನ್" ಎಂಬ ಒಂದೇ ಮಾತಲ್ಲಿ ಹೇಳಿದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಈ ಅಲೆ ಮೈಗೆ ಏನು ಮಾಡುತ್ತದೆ? ಎಕ್ಸ್‌ರೇ ಹಾಗೆ ಇದು ಜೀವಕೋಶದೊಳಗಿನ ಅಣುಗಳನ್ನು ಮುರಿಯುವುದಿಲ್ಲ, ಅಷ್ಟು ಕಸುವು ಇದಕ್ಕಿಲ್ಲ. ಮೈಯಲ್ಲಿರುವ ನೀರು ಈ ಅಲೆಯನ್ನು ಹೀರಿಕೊಂಡು ಬಿಸಿಯಾಗುತ್ತದೆ. ಖಚಿತವಾಗಿ ಗೊತ್ತಿರುವ ಪರಿಣಾಮ ಅದೊಂದೇ. ಹೀರಿದ್ದೆಷ್ಟು ಎಂದು ಅಳೆಯಲು ಎಸ್‌ಎಆರ್ ಎಂಬ ಲೆಕ್ಕ ಇದೆ. ಮೈಯ ಒಂದು ಕಿಲೋ ಭಾಗ ಎಷ್ಟು ವಾಟ್ ಹೀರುತ್ತದೆ ಎಂಬುದೇ ಆ ಲೆಕ್ಕ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್‌ಗೆ ಇರುವ ಮಿತಿ ಕಿಲೋಗೆ 1.6 ವಾಟ್. ಅದನ್ನು 1 ಗ್ರಾಂ ಭಾಗದ ಮೇಲೆ ಸರಾಸರಿ ತೆಗೆದು ನೋಡುತ್ತಾರೆ. ಅಮೆರಿಕದಲ್ಲೂ ಇದೇ ಮಿತಿ. ಯುರೋಪಿನಲ್ಲಿ ತಲೆ ಮತ್ತು ಮೈಗೆ ಕಿಲೋಗೆ 2 ವಾಟ್, ಆದರೆ 10 ಗ್ರಾಂ ಮೇಲೆ ಸರಾಸರಿ. ನಿಮ್ಮ ಫೋನಿನ ಎಸ್‌ಎಆರ್ ಎಷ್ಟು ಎಂದು ನೋಡಬೇಕಾದರೆ ಡಯಲ್ ಮಾಡುವ ಜಾಗದಲ್ಲಿ *#07# ಒತ್ತಿ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿದರೆ ಅರ್ಧ ಗೊಂದಲ ಹೋಗುತ್ತದೆ. ಯುರೋಪಿನ ಮಿತಿಯ ಪ್ರಕಾರ 10 ಗ್ರಾಂ ಭಾಗ ಹೀರಬಹುದಾದ ಶಕ್ತಿ 20 ಮಿಲಿವಾಟ್. ಹಾಗಾಗಿ ಒಂದು ಸಾಧನದ ಒಟ್ಟು ಶಕ್ತಿಯೇ 20 ಮಿಲಿವಾಟಿಗಿಂತ ಕಡಿಮೆ ಇದ್ದರೆ, ಅದು ಬಿಟ್ಟ ಅಲೆಯೆಲ್ಲ ಮೈಯ ಒಂದೇ ಚೂರಿಗೆ ಹೋದರೂ ಮಿತಿ ದಾಟುವುದು ಸಾಧ್ಯವೇ ಇಲ್ಲ. ನಮ್ಮ ಮಿತಿ ಇನ್ನೂ ಬಿಗಿ. ಇದೇ ಲೆಕ್ಕದಲ್ಲಿ ಅದು 1.6 ಮಿಲಿವಾಟಿಗೆ ಬಂದು ನಿಲ್ಲುತ್ತದೆ. 1 ಮಿಲಿವಾಟಿನ ಸಿಜಿಎಂ ಸೆನ್ಸರ್ ಅದಕ್ಕೂ ಕೆಳಗೆ. ಅದರ ಅಲೆಗೆ ಹೆದರುವ ಕಾರಣವೇ ಇಲ್ಲ ಎಂದು ನಾನು ಧೈರ್ಯವಾಗಿ ಹೇಳುವುದು ಈ ಲೆಕ್ಕದ ಬಲದಿಂದ.

ಮೈಕ್ ಪ್ಯಾಕಿನ ಕಥೆ ಅಷ್ಟು ಸಲೀಸಲ್ಲ. 50 ಮಿಲಿವಾಟಿಗೆ ಇಟ್ಟ ಪ್ಯಾಕ್ ಈ ಲೆಕ್ಕದಿಂದಲೇ ಪಾಸಾಗುವುದಿಲ್ಲ. ನಿಜದಲ್ಲಿ ಅದರ ಅಲೆ ಒಂದೇ ಗ್ರಾಂಗೆ ಹೋಗುವುದಿಲ್ಲ, ಸುತ್ತ ಹರಡುತ್ತದೆ, ದೊಡ್ಡ ಪಾಲು ಗಾಳಿಗೇ ಹೋಗುತ್ತದೆ. ಆದರೆ ಎಷ್ಟು ಹರಡುತ್ತದೆ ಎಂಬುದನ್ನು ಅಳೆದೇ ಹೇಳಬೇಕು. ಒಳ್ಳೆಯ ತಯಾರಕರು ಅಳೆದಿರುತ್ತಾರೆ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರೇ ಇಲ್ಲದ ಅಗ್ಗದ ಸೆಟ್‌ಗಳನ್ನು ಯಾರು ಅಳೆದಿದ್ದಾರೆ? ಪ್ಯಾಕಿನಲ್ಲಿ 10 ಮತ್ತು 50 ಮಿಲಿವಾಟಿನ ಎರಡು ಆಯ್ಕೆ ಇದ್ದರೆ ಮಕ್ಕಳಿಗೆ 10ಕ್ಕೇ ಇಡಿ ಎಂದು ನಾನು ಹೇಳುವುದು ಇದಕ್ಕೇ. ಕಾಲೇಜು ಸಭಾಂಗಣದಂಥ ಜಾಗಕ್ಕೆ ಅಷ್ಟು ಸಾಕು.

ಅಂತರ ಎಷ್ಟು ಮುಖ್ಯ ಎಂದು ತಿಳಿಯಲು ಫ್ರಾನ್ಸಿನ ಒಂದು ಪ್ರಸಂಗ ನೋಡಬೇಕು. 2023ರ ಸೆಪ್ಟೆಂಬರ್ 12ರಂದು ಅಲ್ಲಿನ ರೇಡಿಯೋ ನಿಯಂತ್ರಣ ಸಂಸ್ಥೆ ಐಫೋನ್ 12ರ ಮಾರಾಟ ನಿಲ್ಲಿಸಲು ಹೇಳಿತು. ಫೋನನ್ನು ಕೈಯಲ್ಲಿ ಹಿಡಿದಂತೆ, ಪ್ಯಾಂಟಿನ ಜೇಬಲ್ಲಿ ಇಟ್ಟಂತೆ, ಚೂರೂ ಅಂತರ ಇಲ್ಲದೆ ಅಳೆದಾಗ ಎಸ್‌ಎಆರ್ 5.74 ಬಂದಿತ್ತು. ಕೈಕಾಲಿಗೆ ಅಲ್ಲಿನ ಮಿತಿ 4. ಅದೇ ಫೋನ್ 5 ಮಿಲಿಮೀಟರ್ ದೂರದಿಂದ ಅಳೆಯುವ ಪರೀಕ್ಷೆಯಲ್ಲಿ ಪಾಸಾಗಿತ್ತು. ಕಂಪನಿ ಸಾಫ್ಟ್‌ವೇರ್ ಬದಲಿಸಿ ವಿಷಯ ಮುಗಿಸಿತು. ಐದು ಮಿಲಿಮೀಟರ್ ಅಂದರೆ ಮಡಚಿದ ಕರ್ಚೀಫಿನಷ್ಟು ದಪ್ಪ. ಮೈಕ್ ಪ್ಯಾಕನ್ನು ಬರಿಮೈಗೆ ಒತ್ತಿ ಕಟ್ಟುವ ಬದಲು ದಪ್ಪ ಬಟ್ಟೆಯ ಚೀಲದಲ್ಲಿಟ್ಟು ಒಳಂಗಿಯ ಮೇಲೆ ಕಟ್ಟಿದರೆ ಅಷ್ಟು ಅಂತರ ಸಿಕ್ಕೇ ಸಿಗುತ್ತದೆ.

ಕ್ಯಾನ್ಸರ್ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದರೆ ಆ ತಾಯಿಗೆ ನ್ಯಾಯ ಆಗುವುದಿಲ್ಲ. 2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯೋ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಸಾಕ್ಷ್ಯ ಸಾಲದು" ಎಂಬ ಅರ್ಥದ ಗುಂಪು ಅದು. ನಮ್ಮಲ್ಲಿ ಮೊದಲರ್ಧ ಮಾತ್ರ ಊರೂರು ಸುತ್ತಿತು. 2024ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯೊಂದು ಬಂತು. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದವರಲ್ಲೂ ಕಾಣಲಿಲ್ಲ. 2ಬಿ ಪಟ್ಟಿಯನ್ನು ಮತ್ತೆ ಪರಿಶೀಲಿಸಬೇಕು ಎಂಬ ಸಲಹೆಯೂ ಇದೆ, ಪರಿಶೀಲಿಸಲಿ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಎರಡು ಗಂಟೆ ಮೈಕ್ ಕಟ್ಟುವ ಮಗುವಿನ ತಾಯಿ ಇದಕ್ಕಾಗಿ ನಿದ್ದೆಗೆಡಬೇಕಿಲ್ಲ.

ಈ ಶಕ್ತಿಗಳಲ್ಲಿ ನಿಜವಾಗಿ ಯೋಚಿಸಬೇಕಾದ್ದು ವಾಕಿಟಾಕಿ. 5 ವಾಟಿನ ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿ, ಆಂಟೆನಾ ಪಕ್ಕೆಗೆ ತಾಗುವಂತೆ ಇಟ್ಟುಕೊಂಡು, ಅಂಗಿಯ ಕಾಲರಿನಲ್ಲಿರುವ ಮೈಕಿನಿಂದ ದಿನವಿಡೀ ಮಾತಾಡುವವರು ಇದ್ದಾರೆ. ಗುಂಡಿ ಒತ್ತಿದಾಗ ಮಾತ್ರ ಅದು ಅಲೆ ಬಿಡುತ್ತದೆ ಎಂಬುದೇ ದೊಡ್ಡ ರಕ್ಷಣೆ. ಅರ್ಧ ಹೊತ್ತು ಮಾತು, ಅರ್ಧ ಹೊತ್ತು ಕೇಳುವುದು ಎಂಬ ಲೆಕ್ಕದಲ್ಲೇ ಅದರ ಪರೀಕ್ಷೆ ನಡೆದಿರುತ್ತದೆ. ಕೈಪಿಡಿಯಲ್ಲಿ ಹೇಳಿದ ಬೆಲ್ಟ್ ಕ್ಲಿಪ್ಪನ್ನೇ ಬಳಸಬೇಕು, ಅದು ಆ ಅಂತರಕ್ಕೆಂದೇ ಮಾಡಿದ್ದು. ಕ್ಲಿಪ್ ಮುರಿದ ಮೇಲೆ ಸೆಟ್ಟನ್ನು ಹಾಗೇ ಪ್ಯಾಂಟಿಗೆ ತುರುಕಿಕೊಳ್ಳುವ ಕಾವಲುಗಾರನಿಗೆ ಇದನ್ನು ಯಾರು ಹೇಳುತ್ತಾರೆ? ಆತನ ಕೈಗೆ ಕೈಪಿಡಿ ಬಂದೇ ಇರುವುದಿಲ್ಲ. ಆನ್‌ಲೈನ್‌ನಲ್ಲಿ ಅನುಮತಿ ಇಲ್ಲದ ವಾಕಿಟಾಕಿಗಳ ಮಾರಾಟ ಎಷ್ಟು ಬೆಳೆದಿತ್ತೆಂದರೆ, 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದಕ್ಕೆಂದೇ ಮಾರ್ಗಸೂಚಿ ತರಬೇಕಾಯಿತು.

ಫೋನಿನ ಬಗ್ಗೆ ಒಂದೇ ಮಾತು, ಮಲೆನಾಡಿನವರಿಗೆ. ಸಿಗ್ನಲ್ ಕಡಿಮೆ ಇರುವ ಕಡೆ ಫೋನ್ ತನ್ನ ಶಕ್ತಿ ಏರಿಸಿಕೊಂಡು ಟವರ್ ಹುಡುಕುತ್ತದೆ. ಪೇಟೆಯಲ್ಲಿ ಪಿಸುಗುಟ್ಟುವ ಫೋನ್ ಘಾಟಿಯಲ್ಲಿ ಕೂಗುತ್ತದೆ. ಕೂಗುವ ಹೊತ್ತಿನಲ್ಲಿ ಅದು ಜೇಬಿಗಿಂತ ಚೀಲದಲ್ಲಿ ಇರಲಿ.

ಈಗ ಆ ಹುಡುಗಿಯ ಬೆನ್ನಿಗೆ ಬರುತ್ತೇನೆ.

ಮೈಕ್ ಪ್ಯಾಕಿನ ಅಲೆ ಹತ್ತಾರು ಮಿಲಿವಾಟ್. ಆದರೆ ಅದರೊಳಗಿನ ಎರಡು ಸೆಲ್ಲುಗಳಲ್ಲಿ ಕೂಡಿಟ್ಟ ಶಕ್ತಿ ಗಂಟೆಗಟ್ಟಲೆ ಓಡುವಷ್ಟು. ಆ ಶಕ್ತಿಯೆಲ್ಲ ಕೆಲವೇ ನಿಮಿಷದಲ್ಲಿ ಹೊರಬಂದರೆ ಅದು ಬಿಸಿಯಾಗಿಯೇ ಬರುತ್ತದೆ. ಪೆನ್ಸಿಲ್ ಸೆಲ್ಲಿನಲ್ಲಿ ರೀಚಾರ್ಜ್ ಮಾಡುವಂಥದ್ದು ಶಾರ್ಟ್ ಆದರೆ ಸಾದಾ ಸೆಲ್ಲಿಗಿಂತ ಬೇಗ ಬಿಸಿಯೇರುತ್ತದೆ, ಏಕೆಂದರೆ ಅದು ಒಂದೇ ಸಲಕ್ಕೆ ಜಾಸ್ತಿ ಕರೆಂಟ್ ಬಿಡಬಲ್ಲದು. 9 ವೋಲ್ಟಿನ ಚೌಕ ಬ್ಯಾಟರಿ ಇನ್ನೊಂದು ಥರ. ಅದರ ಪ್ಲಸ್ ಮೈನಸ್ ಎರಡೂ ಒಂದೇ ತುದಿಯಲ್ಲಿ ಅಕ್ಕಪಕ್ಕ ಕೂತಿವೆ. ಬಣ್ಣದ ಕೋಣೆಯಲ್ಲಿ ಎಲ್ಲಿ ನೋಡಿದರೂ ಸೇಫ್ಟಿ ಪಿನ್ನು, ಹೇರ್ ಪಿನ್ನು, ಸರಿಗೆ, ಡಾಬು. ಬಿಡಿ ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡು ಓಡಾಡುವ ಸಹಾಯಕನ ಜೇಬಲ್ಲಿ ಎರಡು ಪಿನ್ನು ಇದ್ದರೆ ಸಾಕು. ಅದಕ್ಕೇ ಬಿಡಿ ಬ್ಯಾಟರಿಯ ತುದಿಗೆ ಟೇಪ್ ಅಂಟಿಸಿ ಇಡುವುದನ್ನು ನಾನು ಎಂದೂ ಬಿಡುವುದಿಲ್ಲ. ಪೆನ್ಸಿಲ್ ಸೆಲ್ಲಿನದೇ ಅಳತೆಯಲ್ಲಿ 3.7 ವೋಲ್ಟಿನ ಲಿಥಿಯಂ ಸೆಲ್ಲುಗಳೂ ಅಂಗಡಿಯಲ್ಲಿ ಸಿಗುತ್ತವೆ. ನೋಡಲು ಒಂದೇ, ಹಾಕಲೂ ಸರಿಯಾಗಿ ಕೂರುತ್ತವೆ. 1.5 ವೋಲ್ಟಿನ ಜಾಗಕ್ಕೆ ಅದನ್ನು ಹಾಕಿದರೆ ಪ್ಯಾಕ್ ಸುಡುತ್ತದೆ, ಅದೂ ಯಾರದೋ ಬೆನ್ನ ಮೇಲೆ.

ಸುಡುವುದಕ್ಕೆ ಬೆಂಕಿಯೇ ಬೇಕಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. 1947ರಲ್ಲೇ ಇದರ ಬಗ್ಗೆ ಪ್ರಯೋಗಗಳಾಗಿವೆ. 44 ಡಿಗ್ರಿ ಸೆಲ್ಸಿಯಸ್ ಬಿಸಿ ಸುಮಾರು ಆರು ಗಂಟೆ ಒಂದೇ ಕಡೆ ತಾಗಿದರೆ ಚರ್ಮ ಸುಡುತ್ತದೆ. 44 ಡಿಗ್ರಿ ಎಂದರೆ ಕೈಗೆ ಬೆಚ್ಚಗಿದೆ ಅನಿಸುವ ಬಿಸಿ ಅಷ್ಟೆ. ಅದಕ್ಕಿಂತ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಬೇಕಾಗುವ ಹೊತ್ತು ಭರ್ರನೆ ಇಳಿಯುತ್ತದೆ. ಈಗ ಯೋಚಿಸಿ: ಮೇ ತಿಂಗಳ ರಾಯಚೂರು, ಜರಿ ಬಟ್ಟೆ, ಅದರ ಮೇಲೆ ಬಿಗಿದ ಪಟ್ಟಿ, ಮೇಲಿಂದ ಸ್ಟೇಜ್ ಲೈಟು. ಪ್ಯಾಕಿನ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಮಾತು ಬಾರದ ಮಗು, ಪಾರ್ಶ್ವವಾಯು ಆದವರು, ಸಕ್ಕರೆ ಕಾಯಿಲೆಯಿಂದ ಚರ್ಮದ ಅರಿವು ಕಡಿಮೆಯಾದವರು ಬಿಸಿ ತಾಗುತ್ತಿದೆ ಎಂದು ಹೇಳುವುದೇ ಇಲ್ಲ. ಅಂಥವರಿಗೆ ಕಟ್ಟಿದ ಮೇಲೆ ಅರ್ಧ ಗಂಟೆಗೊಮ್ಮೆ ಕೈಯಿಟ್ಟು ನೋಡಲೇಬೇಕು.

ಬೆವರು ಇನ್ನೊಂದು ತಲೆನೋವು. ಬೆವರೆಂದರೆ ಉಪ್ಪುನೀರು, ಕರೆಂಟ್ ಅದರಲ್ಲಿ ಹರಿಯುತ್ತದೆ. ಪ್ಯಾಕಿನೊಳಗೆ ಇಳಿದರೆ ಮೊದಲು ಗರಗರ ಸದ್ದು, ಆಮೇಲೆ ಸೆಲ್ಲಿನ ತುದಿಗಳಲ್ಲಿ ಹಸಿರು ಕಿಲುಬು. ವೃತ್ತಿ ರಂಗಭೂಮಿಯ ಸೌಂಡ್ ತಂಡಗಳು ಜಗತ್ತಿನಾದ್ಯಂತ ಇದಕ್ಕೆ ಕಂಡುಕೊಂಡ ಉಪಾಯ ಎಂದರೆ ಜಾರುದ್ರವ ಇಲ್ಲದ ಕಾಂಡೋಮ್ ಒಳಗೆ ಪ್ಯಾಕನ್ನು ಇಡುವುದು. ಕೇಳಿದವರು ಮುಜುಗರಪಡುತ್ತಾರೆ, ಆದರೆ ಅದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಶಾಲೆಯಲ್ಲಿ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರೂ ಆಗುತ್ತದೆ. ಮೇಲೆ ಬಟ್ಟೆಯ ಚೀಲ ಇರಲೇಬೇಕು. ಪ್ಲಾಸ್ಟಿಕ್ ನೇರವಾಗಿ ಮೈಗೆ ತಾಗಿದರೆ ಅದರಡಿಯೇ ಬೆವರು ಕೂತು ಚರ್ಮ ಬೆಂದಂತಾಗುತ್ತದೆ.

ಚರ್ಮದ ಮಾತು ಬಂದಾಗ ಸಿಜಿಎಂ ಬಳಸುವವರ ಅನುಭವ ಕೇಳಬೇಕು. ಸೆನ್ಸರ್ ಅಂಟಿಸಿದ ಜಾಗ ಕೆಂಪಾಗುತ್ತದೆ, ತುರಿಸುತ್ತದೆ, ಗುಳ್ಳೆ ಏಳುತ್ತದೆ. "ರೇಡಿಯೇಷನ್ ಇರಬೇಕು" ಎಂದು ಮನೆಯವರು ಹೇಳುತ್ತಾರೆ. ಕೆಲವರು ಹೆದರಿ ಸೆನ್ಸರ್ ಬಿಟ್ಟೇಬಿಡುತ್ತಾರೆ. ಕಾರಣ ಅಲೆಯಲ್ಲ, ಅಂಟು. ಐಸೋಬಾರ್ನಿಲ್ ಅಕ್ರಿಲೇಟ್ ಎಂಬ ರಾಸಾಯನಿಕ ಇಂಥ ಸೆನ್ಸರ್‌ಗಳಲ್ಲಿ ಇದ್ದು ಅಲರ್ಜಿ ತರುತ್ತಿದೆ ಎಂದು 2017ರ ಹೊತ್ತಿಗೆ ಯುರೋಪಿನ ಚರ್ಮವೈದ್ಯರು ಗುರುತಿಸಿದರು. 2020ರಲ್ಲಿ ಅಮೆರಿಕದ ಚರ್ಮವೈದ್ಯರ ಸಂಘವೊಂದು ಅದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು, ಉಳಿದ ವೈದ್ಯರ ಗಮನ ಸೆಳೆಯಲಿ ಎಂದು. ಅಲೆಯನ್ನು ದೂರಿ ಸೆನ್ಸರ್ ಕಿತ್ತೆಸೆದರೆ ರಾತ್ರಿ ಸಕ್ಕರೆ ಇಳಿದಾಗ ಎಬ್ಬಿಸುವ ಸಾಧನ ಹೋಯಿತು. ಅಂಟು ಕಾರಣ ಎಂದು ಗೊತ್ತಾದರೆ ವೈದ್ಯರನ್ನು ಕೇಳಿ ಬೇರೆ ಕಂಪನಿಯ ಸೆನ್ಸರ್ ಹಾಕಿಕೊಳ್ಳಬಹುದು, ಪ್ರತಿಸಲ ಜಾಗ ಬದಲಿಸಬಹುದು, ಮಧ್ಯೆ ತಡೆಪಟ್ಟಿ ಅಂಟಿಸಬಹುದು. ತಪ್ಪು ಭಯ ಮನುಷ್ಯನಿಗೆ ಎಷ್ಟು ದುಬಾರಿ ಆಗಬಲ್ಲದು ಎಂದು ಇಲ್ಲಿ ಕಾಣುತ್ತದೆ.

ಬಟ್ಟೆಯೊಳಗೆ ಅಡಗಿಸಿಟ್ಟರೆ ಸಿಗ್ನಲ್‌ಗೂ ಕಷ್ಟವೇ. ಮೈಯಲ್ಲಿ ನೀರೇ ಜಾಸ್ತಿ, ನೀರು ಅಲೆಯನ್ನು ನುಂಗುತ್ತದೆ. 600 ಮೆಗಾಹರ್ಟ್ಸ್‌ನ ಪ್ಯಾಕಿಗೆ ಬಾಲದಂತೆ ಇರುವ ಆಂಟೆನಾ ಸುಮಾರು 12 ಸೆಂಟಿಮೀಟರ್. ಅದು ಅಲೆಯ ಉದ್ದದ ಕಾಲು ಭಾಗ. ಅದನ್ನು ಸುತ್ತಿ ಟೇಪ್ ಹಾಕಿದರೆ, ಒದ್ದೆ ಚರ್ಮಕ್ಕೆ ಅಂಟಿಸಿದರೆ ಅಲೆ ಹೊರಗೇ ಬರುವುದಿಲ್ಲ. ಆಗ ಮೈಕ್ ಕಡಿಯುತ್ತದೆ, ಅನುಭವ ಇಲ್ಲದವರು ಶಕ್ತಿಯನ್ನು 50ಕ್ಕೆ ಏರಿಸುತ್ತಾರೆ. ಏರಿಸಿದ್ದು ಹೋಗುವುದು ಮೈಗೇ. ರಿಸೀವರನ್ನು ಸಭಾಂಗಣದ ಹಿಂದಿನಿಂದ ತಂದು ಸ್ಟೇಜಿನ ಪಕ್ಕಕ್ಕೆ ಇಡಿ, ಆಂಟೆನಾ ನೆಟ್ಟಗೆ ಇಳಿಬಿಡಿ, 10 ಮಿಲಿವಾಟಿನಲ್ಲೇ ಸ್ಪಷ್ಟವಾಗಿ ಕೇಳುತ್ತದೆ. ಸೆಲ್ಲೂ ಜಾಸ್ತಿ ಹೊತ್ತು ಬರುತ್ತದೆ. ಇನ್ನೊಂದು ವಿಷಯ. ಹಳೆಯ ಸೆಟ್‌ಗಳಲ್ಲಿ 700 ಮೆಗಾಹರ್ಟ್ಸ್ ಮೇಲೆ ಓಡುವವು ಇವೆ. 2022ರ ಹರಾಜಿನಲ್ಲಿ ಆ ಜಾಗ 5ಜಿಗೆ ಹೋಯಿತು. ನಿನ್ನೆವರೆಗೆ ಚೆನ್ನಾಗಿದ್ದ ಮೈಕ್ ಇವತ್ತು ಕಡಿಯುತ್ತಿದ್ದರೆ ಶಕ್ತಿ ಏರಿಸುವ ಮೊದಲು ಅದನ್ನು ನೋಡಿ.

ಮ್ಯಾಗ್ನೆಟ್ ವಿಷಯಕ್ಕೆ ಬರೋಣ, ನನಗೆ ಅತಿ ಹೆಚ್ಚು ಆತಂಕ ಇರುವುದು ಇದರ ಬಗ್ಗೆ. ಇತ್ತೀಚಿನ ಗುಂಡಿ ಮೈಕುಗಳಿಗೆ ಪಿನ್ನಿಲ್ಲ. ಅಂಗಿಯ ಹೊರಗೆ ಮೈಕ್, ಒಳಗೆ ಬಲವಾದ ಮ್ಯಾಗ್ನೆಟ್. ಬಟ್ಟೆ ಹರಿಯುವುದಿಲ್ಲ, ಬೇಗ ಹಾಕಬಹುದು. ಸಂದರ್ಶನಕ್ಕೆ ಬಂದ ಹಿರಿಯರಿಗೆ ಹುಡುಗರು ಸರಕ್ಕನೆ ಎಡಗಡೆ ಎದೆಯ ಮೇಲೆ ಸಿಕ್ಕಿಸಿಬಿಡುತ್ತಾರೆ. ಪೇಸ್‌ಮೇಕರ್ ಕೂರುವ ಜಾಗವೂ ಸಾಮಾನ್ಯವಾಗಿ ಅದೇ, ಎಡ ಕಾಲರ್ ಮೂಳೆಯ ಕೆಳಗೆ, ಚರ್ಮದಡಿಯಲ್ಲೇ. ಪೇಸ್‌ಮೇಕರ್‌ಗೆ ಮ್ಯಾಗ್ನೆಟ್ ಹತ್ತಿರ ಬಂದರೆ ಅದು ಹೃದಯದ ಬಡಿತವನ್ನು ಗಮನಿಸುವುದು ಬಿಟ್ಟು ಒಂದೇ ವೇಗದಲ್ಲಿ ಬಡಿಸತೊಡಗುತ್ತದೆ. ವೈದ್ಯರೇ ಬೇಕೆಂದಾಗ ಹಾಗೆ ಮಾಡಲಿ ಎಂದು ಇಟ್ಟ ವ್ಯವಸ್ಥೆ ಅದು. ಹೃದಯ ತಪ್ಪಿ ಬಡಿದಾಗ ಶಾಕ್ ಕೊಟ್ಟು ಉಳಿಸುವ ಐಸಿಡಿ ಎಂಬ ಸಾಧನ ಇದ್ದರೆ ಇನ್ನೂ ಅಪಾಯ, ಮ್ಯಾಗ್ನೆಟ್ ಅಲ್ಲಿರುವ ತನಕ ಅದು ಶಾಕ್ ಕೊಡುವುದನ್ನೇ ನಿಲ್ಲಿಸಬಹುದು. 2021ರ ಆರಂಭದಲ್ಲಿ ಅಮೆರಿಕದ ಮಿಷಿಗನ್‌ನ ವೈದ್ಯರು ಹಿಂಭಾಗದಲ್ಲಿ ಮ್ಯಾಗ್ನೆಟ್ ಇರುವ ಐಫೋನ್ 12ನ್ನು ರೋಗಿಯೊಬ್ಬರ ಎದೆಯ ಬಳಿ ತಂದಾಗ ಐಸಿಡಿ ಹಾಗೆ ನಿಂತದ್ದನ್ನು ಬರೆದಿಟ್ಟಿದ್ದಾರೆ. ಫೋನ್ ತೆಗೆದ ಮೇಲೆ ಮತ್ತೆ ಸರಿಯಾಯಿತು.

ಫೋನ್ ಮತ್ತು ಮ್ಯಾಗ್ನೆಟ್ ಎರಡನ್ನೂ ಇಂಥ ಸಾಧನದಿಂದ 15 ಸೆಂಟಿಮೀಟರ್, ಅಂದರೆ ಆರು ಇಂಚಿನಷ್ಟು ದೂರ ಇಡಿ ಎಂಬುದು ಎಲ್ಲ ಕಡೆ ಕೊಡುವ ಸಲಹೆ. ಎದೆಯ ಮೇಲೆ ಮೈಕ್ ಹಾಕುವಾಗ ಅಷ್ಟು ದೂರ ಎಲ್ಲಿಂದ ಬರಬೇಕು? ಹಾಗಾಗಿ ಕೈ ಮುಂದೆ ಚಾಚುವ ಮೊದಲು ಕೇಳಿ: "ಪೇಸ್‌ಮೇಕರ್ ಏನಾದ್ರೂ ಇದೆಯಾ ಸಾರ್?" ಇದ್ದರೆ ಅವರ ಮುಂದಿನ ಮೇಜಿನ ಮೇಲೆ ಮೈಕ್ ಇಡಿ. ನಾನು ಇದನ್ನು ಕೇಳಲು ಶುರುಮಾಡಿದ ಮೇಲೆ ಇಬ್ಬರು ಹೌದು ಎಂದಿದ್ದಾರೆ. ಅದಕ್ಕೂ ಮುಂಚೆ ಎಷ್ಟು ಜನರಿಗೆ ಕೇಳದೆ ಹಾಕಿದ್ದೆನೋ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೈಮೇಲೆ ಹಾಕುವ ಕೆಲಸದಲ್ಲಿ ಇನ್ನೊಂದು ಸುರಕ್ಷತೆ ಇದೆ. ಹೆಣ್ಣುಮಕ್ಕಳ ಬಟ್ಟೆಯೊಳಗೆ ವೈರ್ ಹಾಯಿಸುವುದು ಯಾರು? ನಮ್ಮ ಕಡೆ ಸೌಂಡ್ ಕೆಲಸಕ್ಕೆ ಬರುವವರಲ್ಲಿ ಗಂಡಸರೇ ಜಾಸ್ತಿ. ವೈರನ್ನು ಮಗುವಿನ ಕೈಗೇ ಕೊಟ್ಟು, ತಾಯಿಯೋ ಟೀಚರೋ ಪಕ್ಕದಲ್ಲಿ ನಿಂತು ಹಾಕಿಸಲಿ. ಸೌಂಡಿನವನು ಹೊರಗಿನಿಂದ ಹೇಳಿಕೊಟ್ಟರೆ ಸಾಕು. ಪ್ಯಾಕಿನ ಮ್ಯೂಟ್ ಗುಂಡಿಯನ್ನು ಹಾಕಿಕೊಂಡವರಿಗೆ ಮೊದಲೇ ತೋರಿಸಿರಬೇಕು. ಮೈಕ್ ಕಟ್ಟಿಕೊಂಡೇ ಶೌಚಾಲಯಕ್ಕೆ ಹೋದ ಮಗುವಿನ ಸದ್ದು ಸಭಾಂಗಣಕ್ಕೆಲ್ಲ ಕೇಳಿ, ಮರುದಿನ ತರಗತಿಯಲ್ಲಿ ಆ ಮಗು ಪಟ್ಟ ಪಾಡು ನನಗೆ ಗೊತ್ತು. ಸೆಲ್ಲಿನ ಗಾಯಕ್ಕಿಂತ ಅದು ನಿಧಾನ ಮಾಯುತ್ತದೆ.

ಅಡಗಿಸಿದ ಟ್ರಾನ್ಸ್‌ಮಿಟರ್ ಎಂದರೆ ಕರ್ನಾಟಕದಲ್ಲಿ ಹೆಚ್ಚಿನವರಿಗೆ ಥಟ್ಟನೆ ನೆನಪಾಗುವುದು ಪರೀಕ್ಷೆ. 2021ರ ಅಕ್ಟೋಬರ್ 3ರಂದು 545 ಪಿಎಸ್ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಹಗರಣದಲ್ಲಿ ಬ್ಲೂಟೂತ್ ಹೆಸರು ಬಂತು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. 2023ರ ಅಕ್ಟೋಬರ್ 28ರಂದು ಎಫ್‌ಡಿಎ ಪರೀಕ್ಷೆ ನಡೆದಾಗ ಕಲಬುರಗಿ, ಯಾದಗಿರಿಯಲ್ಲಿ ಮತ್ತೆ ಅದೇ. ರಾಜಸ್ಥಾನದಲ್ಲಿ ಚಪ್ಪಲಿಯೊಳಗೆ ಸಾಧನ ಅಡಗಿಸಿದವರು ಸಿಕ್ಕಿಬಿದ್ದರು. 2022ರಲ್ಲಿ ಇಂದೋರಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಕಿವಿಯೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ ಸಾಧನ ಇಡಿಸಿಕೊಂಡಿದ್ದ ಎಂಬ ಸುದ್ದಿ ದೇಶವೆಲ್ಲ ಓದಿತು. ವರ್ಷಗಟ್ಟಲೆ ಕೋಚಿಂಗ್ ಕೋಣೆಯಲ್ಲಿ ಕೂತು ಓದಿದವರ ಸೀಟನ್ನು ಹೀಗೆ ಕದ್ದರು. ಆ ಸಿಟ್ಟು ನ್ಯಾಯವಾದದ್ದು.

ಕಿವಿಯೊಳಗೆ ಇಳಿಸುವ ಆ ಕಾಳಿನಷ್ಟು ಗಾತ್ರದ ಸಾಧನದಲ್ಲೂ ಅಪಾಯ ಅಲೆಯಲ್ಲ. ಅದರೊಳಗೆ ಗುಂಡಿ ಸೆಲ್ ಇರುತ್ತದೆ. ಒದ್ದೆ ಜಾಗದಲ್ಲಿ ಗುಂಡಿ ಸೆಲ್ ಸಿಕ್ಕಿಕೊಂಡರೆ ಅದರ ಕರೆಂಟ್ ಸುತ್ತಲಿನ ತೇವದಲ್ಲಿ ಕ್ಷಾರ ಉಂಟುಮಾಡಿ ಮಾಂಸವನ್ನು ಸುಡುತ್ತದೆ. ಕಿವಿಯಲ್ಲಾದರೆ ತಮಟೆ ತೂತಾಗಬಹುದು. ಮಕ್ಕಳು ದೊಡ್ಡ ಗುಂಡಿ ಸೆಲ್ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿದರೆ ಎರಡೇ ಗಂಟೆಯಲ್ಲಿ ದೊಡ್ಡ ಗಾಯ ಆಗುತ್ತದೆ. ಮನೆಯಲ್ಲಿ ಕಾರಿನ ಕೀ, ಟ್ರ್ಯಾಕರ್, ಪುಟ್ಟ ರಿಮೋಟ್ ಯಾವುದೇ ಇರಲಿ, ಒಂದು ಸೆಲ್ ಕಾಣೆಯಾಗಿ ಮಗು ಜೊಲ್ಲು ಸುರಿಸುತ್ತಿದ್ದರೆ ಕಾಯಬೇಡಿ, ನೇರ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಕಿವಿಗೋ ಮೂಗಿಗೋ ಹೋಗಿದ್ದರೆ ಎಣ್ಣೆಯನ್ನಾಗಲಿ ಔಷಧದ ಹನಿಯನ್ನಾಗಲಿ ಬಿಡಬೇಡಿ. ತೇವ ಜಾಸ್ತಿಯಾದಷ್ಟೂ ಸುಡುವುದು ಜಾಸ್ತಿ.

ಹಗರಣಗಳ ನಂತರ ರಾಜ್ಯ 2023ರಲ್ಲಿ ಹೊಸ ಕಾಯ್ದೆ ತಂದಿತು. ನೇಮಕಾತಿ ಪರೀಕ್ಷೆಯ ಅಕ್ರಮಕ್ಕೆ ಹಲವು ವರ್ಷಗಳ ಜೈಲು, 10 ಕೋಟಿ ರೂಪಾಯಿವರೆಗೆ ದಂಡ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ತುಂಬುತೋಳು, ಬೂಟು, ಒಡವೆ ಎಲ್ಲಕ್ಕೂ ತಪಾಸಣೆ. ಬೇಕಾದದ್ದೇ. ಆದರೆ ಆ ಸಾಲಿನಲ್ಲಿ ಟೈಪ್ 1 ಸಕ್ಕರೆ ಕಾಯಿಲೆಯ ಹುಡುಗಿಯೊಬ್ಬಳು ನಿಂತಿರುತ್ತಾಳೆ, ತೋಳಿನ ಮೇಲೆ ಬ್ಲೂಟೂತ್ ಸೆನ್ಸರ್ ಇಟ್ಟುಕೊಂಡು. ತಪಾಸಣೆ ಮಾಡುವವರಿಗೆ ಕಾಣುವುದು ಚರ್ಮಕ್ಕೆ ಅಂಟಿದ ಒಂದು ಎಲೆಕ್ಟ್ರಾನಿಕ್ ವಸ್ತು. ಅದನ್ನು ಕಿತ್ತರೆ ಮತ್ತೆ ಅಂಟಿಸಲು ಬರುವುದಿಲ್ಲ. ಎರಡು ವಾರ ಬರಬೇಕಾದ ಸೆನ್ಸರ್ ಹಾಳಾಯಿತು, ಮುಂದಿನ ಮೂರು ಗಂಟೆ ಸಕ್ಕರೆ ಎಷ್ಟಿದೆ ಎಂಬ ಸುಳಿವೂ ಹೋಯಿತು. ಅವಳ ಜೀವ ಕಾಯುವುದೂ ಮೋಸಗಾರರು ಬಳಸಿದ್ದೂ ಅದೇ ತಂತ್ರಜ್ಞಾನ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಸಿಜಿಎಂ ತನ್ನ ಲೆಕ್ಕವನ್ನು ಹೊರಗೆ ಕಳಿಸುತ್ತದೆ, ಕಿವಿಗೆ ಮಾತು ತಲುಪಿಸಲು ಅದಕ್ಕೆ ಸ್ಪೀಕರೂ ಇಲ್ಲ, ಪರದೆಯೂ ಇಲ್ಲ. ಅದರ ಜೋಡಿ ಫೋನ್ ಮೇಲ್ವಿಚಾರಕರ ಮೇಜಿನ ಮೇಲೆ ಇದ್ದರೆ ಸಾಕು, ಸಕ್ಕರೆ ಇಳಿದಾಗ ಅದು ಕೂಗುವುದು ಅವರಿಗೇ ಕೇಳುತ್ತದೆ. ಅರ್ಜಿ ತುಂಬುವಾಗಲೇ ಒಂದು ಪ್ರಶ್ನೆ ಇರಲಿ: ಮೈಮೇಲೆ ವೈದ್ಯಕೀಯ ಸಾಧನ ಇದೆಯೇ? ಸೆನ್ಸರ್, ಇನ್ಸುಲಿನ್ ಪಂಪು, ಕಿವಿಯ ಯಂತ್ರ, ಪೇಸ್‌ಮೇಕರ್. ಉತ್ತರ ಹಾಲ್ ಟಿಕೆಟ್ ಮೇಲೆ ಅಚ್ಚಾಗಿ ಬರಲಿ, ಬಾಗಿಲಲ್ಲಿ ನಿಂತ ಹೋಂಗಾರ್ಡ್ ಒಬ್ಬರೇ ಆ ಕ್ಷಣದಲ್ಲಿ ತೀರ್ಮಾನ ಮಾಡುವಂತೆ ಆಗದಿರಲಿ. ಅಲ್ಲಿಯವರೆಗೆ ಇಂಥ ಮಕ್ಕಳ ತಂದೆತಾಯಿ ವೈದ್ಯರ ಪತ್ರವನ್ನು ಲೆಟರ್‌ಹೆಡ್ ಮೇಲೆ, ಸೆನ್ಸರಿನ ಚಿತ್ರ ಮತ್ತು ಅಂಟಿಸಿದ ಜಾಗದ ವಿವರ ಸಮೇತ ಬರೆಸಿಕೊಂಡು, ಪರೀಕ್ಷೆಗೆ ವಾರ ಮೊದಲೇ ಕೇಂದ್ರದ ಮುಖ್ಯಸ್ಥರಿಗೆ ಮುಟ್ಟಿಸಿ ಸಹಿ ಹಾಕಿಸಿಕೊಳ್ಳಿ. ಎರಡು ಪ್ರತಿ ಮಾಡಿಸಿ, ಒಂದು ಹಾಲ್ ಟಿಕೆಟ್ ಜೊತೆಗೇ ಇರಲಿ.